ತೊರೆಯಲಾರೆ ಎಂಬ ಪದ ಮುರಿದದ್ದು

ನಮ್ಮಂಥದೇ ಒಂದು ಊರು. ಅಲ್ಲಿ ತ್ರಿವಿಕ್ರಮ ಎಂಬ ವಿಜ್ಞಾನಿ ಇದ್ದರು. ಸೇತುವೆಗೆ ಹಾಕುವ ಉಕ್ಕಿನೊಳಗೆ ಕಣ್ಣಿಗೆ ಕಾಣದ ಬಿರುಕೇನಾದರೂ ಇದೆಯೇ ಎಂದು ಪರೀಕ್ಷೆ ಮಾಡುವುದು ಅವರ ಕೆಲಸ. ಬೆಳಗಿನ ಹೊತ್ತು, ಸಂಜೆಯ ಹೊತ್ತು ಸಂಗೀತ. ಕಛೇರಿ ಮಾಡುವ ವಿದ್ವಾಂಸರು, ಸ್ವತಃ ಕೃತಿ ರಚಿಸುವವರು. ನೋಡಿ, ಭಗವಂತ ಒಬ್ಬರಿಗೇ ಎಷ್ಟೊಂದು ಕೊಟ್ಟುಬಿಟ್ಟಿದ್ದ!

ಆ ವರ್ಷ ಅವರು ಕಲ್ಯಾಣಿ ರಾಗದಲ್ಲಿ ಹೊಸದೊಂದು ಕೃತಿ ಕಟ್ಟಿದರು. ಪಲ್ಲವಿಯ ಸಾಲು, ‘ಹರಿಯೆ, ನಿನ್ನಡಿಯ ನೆರಳ ತೊರೆಯಲಾರೆ.’ ಭಾನುವಾರ ಊರಿನ ಸಭೆಯಲ್ಲಿ ಮೊದಲ ಸಲ ಹಾಡಬೇಕು. ಬುಧವಾರ ಸಂಜೆ ಅಭ್ಯಾಸಕ್ಕೆ ಕುಳಿತರು. ಅದೇ ಕೋಣೆಯಲ್ಲಿ ಹೆಂಡತಿ ಸರ್ವಮಂಗಳಾ ಉತ್ತರಪತ್ರಿಕೆ ತಿದ್ದುತ್ತಿದ್ದರು. ಆಕೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವರು. ಹಾಡು ಕೇಳುತ್ತ ಕೇಳುತ್ತ ಪೆನ್ನು ಕೆಳಗಿಟ್ಟರು.

“ರೀ, ಒಂದ್ಮಾತು. ನೀವು ‘ತೊರೆಯಲಾ’ ಅಂತ ಎಳೆದು ನಿಲ್ಲಿಸ್ತೀರಿ. ‘ರೆ’ ತಾಳದ ಮುಂದಿನ ಸುತ್ತಿಗೆ ಹೋಗತ್ತೆ. ಕೇಳೋರಿಗೆ ‘ತೊರೆಯಲಾ?’ ಅಂತ ದೇವರ ಹತ್ರ ಪರ್ಮಿಶನ್ ಕೇಳಿದ ಹಾಗಿರತ್ತೆ.”

ತ್ರಿವಿಕ್ರಮರ ಮುಖ ಕೆಂಪಾಯಿತು. “ನಿಂಗೆ ತಾಳದ ತಲೆಬುಡ ಗೊತ್ತಿಲ್ಲ. ನಿನ್ನ ಮಕ್ಕಳ ಕಾಗುಣಿತ ತಿದ್ದು, ಸಾಕು.”

“ಹೋಗ್ಲಿ ಬಿಡಿ. ನಂಗೇನು ಗೊತ್ತಾಗತ್ತೆ,” ಎಂದು ಆಕೆ ಪತ್ರಿಕೆಗಳನ್ನು ಎತ್ತಿಕೊಂಡು ಒಳಗೆ ಹೋದರು.

ಮರುದಿನ ಪ್ರಯೋಗಾಲಯ. ಒಂದು ದೊಡ್ಡ ಸೇತುವೆಯ ಉಕ್ಕಿಗೆ ಒಪ್ಪಿಗೆ ಕೊಡುವ ವರದಿ, ತ್ರಿವಿಕ್ರಮರ ಸಹಿಯೊಂದು ಬಿದ್ದರೆ ಮುಗಿಯಿತು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ನಾಜಿಯಾ ಬಂದು ನಿಂತಳು.

“ಸರ್, ಏಳನೇ ತುಂಡನ್ನ ನೀವು ಸರಿ ಇದೆ ಅಂದಿದೀರಿ. ನಂಗೆ ಅದರಲ್ಲಿ ಬಿರುಕು ಕಾಣ್ತಿದೆ.”

ಅವರು ಮತ್ತೆ ಪರೀಕ್ಷಿಸಿದರು. ಬಿರುಕು ಇತ್ತು! ತಪ್ಪು ಅವರದೇ. ಸಿಟ್ಟು ಬಂತೇ? ಇಲ್ಲ. ಎಲ್ಲರನ್ನೂ ಕರೆದು, “ಇವತ್ತು ನಾಜಿಯಾ ನೋಡಿರದಿದ್ರೆ ಎಷ್ಟು ಜನರ ಪ್ರಾಣಕ್ಕೆ ಕುತ್ತು ಬರ್ತಿತ್ತೋ,” ಎಂದರು. ಆಮೇಲೆ ಆಕೆಯನ್ನು ಕೇಳಿದರು. “ನನ್ನ ತಪ್ಪು ನನಗೇ ಹೇಳೋಕೆ ಭಯ ಆಗ್ಲಿಲ್ವಾ?”

“ನಿಮ್ಮ ಹತ್ರ ಯಾಕೆ ಸರ್ ಭಯ? ತಪ್ಪು ಹೇಳಿದ್ರೆ ನೀವು ಖುಷಿ ಪಡ್ತೀರಲ್ಲ.”

ಹುಡುಗಿ ಹೊಗಳಿದಳು. ಆದರೆ ಆ ಹೊಗಳಿಕೆ ತ್ರಿವಿಕ್ರಮರ ಎದೆಗೆ ಚುಚ್ಚಿತು. ಹತ್ತು ತಿಂಗಳ ಪರಿಚಯದ ಈ ಹುಡುಗಿಗೆ ಇಲ್ಲದ ಭಯ, ಇಪ್ಪತ್ತಾರು ವರ್ಷ ಜೊತೆಗೆ ಬಾಳಿದವಳಿಗೆ ಯಾಕೆ? ‘ನಂಗೇನು ಗೊತ್ತಾಗತ್ತೆ’ ಎಂಬ ಮಾತನ್ನು ಆಕೆಗೆ ಕಲಿಸಿದವರು ಯಾರು?

ಸಂಜೆ ಮನೆಗೆ ಬಂದವರೇ ಚಪ್ಪಲಿ ಬಿಡುತ್ತಲೇ, “ಮಂಗಳಾ, ನಿನ್ನೆ ಹೇಳಿದ್ದನ್ನ ಇನ್ನೊಂದ್ಸಲ ಹೇಳು,” ಎಂದರು.

“ಬೇಡಪ್ಪಾ, ಮತ್ತೆ ಬೈಸ್ಕೊಳ್ಳೋಕೆ ನಂಗೆ ಶಕ್ತಿ ಇಲ್ಲ.”

“ಬೈದಿದ್ದು ನನ್ನ ತಪ್ಪು. ಹೇಳು, ಕೇಳ್ತೀನಿ.”

ಆಕೆ ಹೇಳಿದರು. ಅವರು ಹಾಡಿ ನೋಡಿದರು. ತೊರೆಯಲಾ... ರೆ. ಈಗ ಅವರ ಕಿವಿಗೂ ಅದು ಬಿತ್ತು. ದೇವರ ಮುಂದೆ ಕುಳಿತು, ಬಿಟ್ಟುಹೋಗಲೇ ಎಂದು ಕೇಳುತ್ತಿದ್ದೆನಲ್ಲ! ಪದ ಒಡೆಯದಂತೆ ಹಾಡಬೇಕಾದರೆ ಪಲ್ಲವಿಯ ಎತ್ತುಗಡೆಯನ್ನೇ, ಅಂದರೆ ತಾಳದಲ್ಲಿ ಅದು ಶುರುವಾಗುವ ಜಾಗವನ್ನೇ, ಬದಲಿಸಬೇಕು. ಅದೇ ಸಾಲನ್ನು ಬಗೆಬಗೆಯಾಗಿ ಹಾಡಲು ತಿಂಗಳುಗಟ್ಟಲೆ ಕೂತು ಮಾಡಿದ ಸಂಗತಿಗಳಲ್ಲಿ ನಾಲ್ಕು ಬಿದ್ದುಹೋಗುತ್ತವೆ. ಹೋಗಲಿ ಎಂದರು. ಎರಡೇ ದಿನದಲ್ಲಿ ಹೊಸದಾಗಿ ಕಟ್ಟಿದರು.

ಭಾನುವಾರ ಸಭೆ ತುಂಬಿತ್ತು. ಕೃತಿ ಎತ್ತಿಕೊಳ್ಳುವ ಮೊದಲು ಅವರು ಹೇಳಿದರು. “ಈ ಪಲ್ಲವಿ ಮುರಿದಿತ್ತು. ಸರಿ ಮಾಡಿದ್ದು ನನ್ನ ಹೆಂಡತಿ. ಅದಕ್ಕೆ ಅವಳಿಗೆ ನಾನು ಕೊಟ್ಟಿದ್ದು ಬೈಗುಳ.” ಎರಡನೇ ಸಾಲಿನಲ್ಲಿ ಕುಳಿತ ಸರ್ವಮಂಗಳಾ ತಲೆ ತಗ್ಗಿಸಿದರು, ಕಣ್ಣು ತುಂಬಿತ್ತು. ತೊರೆಯಲಾರೆ ಎಂಬ ಪದ ಆ ದಿನ ಇಡಿಯಾಗಿ ಕೇಳಿಸಿತು.

ಆಟೋದಲ್ಲಿ ಮನೆಗೆ ಹೋಗುವಾಗ ಆಕೆ ಮೆಲ್ಲಗೆ ಅಂದರು. “ರೀ, ಚರಣದಲ್ಲೂ ಒಂದು ಕಡೆ ಇದೆ.”

ಅವರು ನಕ್ಕರು. “ಎಲ್ಲಿ, ಹೇಳು.”

ಈಗ ನಿಮ್ಮನ್ನು ಕೇಳುತ್ತೇನೆ. ಆಫೀಸಿನಲ್ಲಿ ಸಾಹೇಬರು ತಪ್ಪು ತೋರಿಸಿದರೆ ಏನನ್ನುತ್ತೀರಿ? ಸರಿ ಸಾರ್, ತಿದ್ದುತ್ತೇನೆ ಸಾರ್. ಗಿರಾಕಿ ಹೇಳಿದರೆ ಕೈ ಮುಗಿಯುತ್ತೀರಿ. ಅದೇ ಮಾತನ್ನು ಹೆಂಡತಿ ಹೇಳಿದರೆ? ಗಂಡ ಹೇಳಿದರೆ? ಸೊಸೆ ಹೇಳಿದರೆ? ನಗಬೇಡಿ. ನೋಡಿ, ನಿಮ್ಮ ಮನೆಯಲ್ಲೂ ಒಬ್ಬರು ‘ನಂಗೇನು ಗೊತ್ತಾಗತ್ತೆ’ ಎಂದು ಬಾಯಿ ಮುಚ್ಚಿಕೊಂಡಿದ್ದಾರೆ. ಅವರು ಯಾರೆಂದು ನಿಮಗೇ ಗೊತ್ತು.

ಇಂದಿನಿಂದ ಇಷ್ಟು ಮಾಡಿ. ಮನೆಯವರು ನಿಮ್ಮ ತಪ್ಪು ಹೇಳಿದಾಗ ತಕ್ಷಣ ಉತ್ತರ ಕೊಡಬೇಡಿ. ಪೂರ್ತಿ ಕೇಳಿ. ಅವರು ಹೇಳಿದ್ದು ಸರಿ ಇದ್ದರೆ ನಾಲ್ಕು ಜನರ ಎದುರಿಗೆ ಸರಿ ಎನ್ನಿ. ಇಂದು ಇಲ್ಲಿಂದ ಎದ್ದು ಹೋದಮೇಲೆ, ಊಟಕ್ಕೆ ಕೂರುವ ಮೊದಲು, ಆ ಒಬ್ಬರ ಹತ್ತಿರ ಹೋಗಿ ನೀವಾಗಿಯೇ ಕೇಳಿ, “ನನ್ನಲ್ಲಿ ಏನು ತಿದ್ದಬೇಕು, ಹೇಳು.” ಮೊದಲ ದಿನ ಅವರು ನಂಬಲಿಕ್ಕಿಲ್ಲ. ಎರಡನೆಯ ದಿನವೂ ಕೇಳಿ.