ಕಿರೀಟವಿತ್ತು, ಟೋಪಿ ಇರಲಿಲ್ಲ

ಪೀಣ್ಯದ ಶೆಡ್ಡು ಶೆಡ್ಡುಗಳಿಂದ ಎದ್ದು ಬಂದ ಮಹಾಸಭಿಕರೇ, ಸ್ಮಾರಕ ಸಮಿತಿಯ ಅಧ್ಯಕ್ಷರಾದ ಚಿಕ್ಕಬೈರಪ್ಪನವರೇ, ಅವರ ಪಕ್ಕದಲ್ಲಿ ಆಸೀನರಾಗಿರುವ ಸಬ್‌ಇನ್ಸ್‌ಪೆಕ್ಟರ್ ಲಕ್ಷ್ಮಯ್ಯನವರೇ, ಹನುಮಯ್ಯನ ಮಡದಿಯಾದರೂ ಹಿಂದಿನ ಬೆಂಚಿಗೆ ತಳ್ಳಲ್ಪಟ್ಟ ತಾಯಿ ಮಾರಕ್ಕನವರೇ, ಮೈಕು ಕೈಕೊಟ್ಟಿದೆ ಎನ್ನುತ್ತಿದ್ದಾರೆ. ಕೊಡಲಿ. ಕಂಪನಿ ನಾಟಕದಲ್ಲಿ ಬೆಳೆದು ಮೇಷ್ಟ್ರಾದ ಈ ನರಸಪ್ಪನಿಗೆ ಮೈಕು ಯಾವ ಕಾಲಕ್ಕೆ ಬೇಕಾಗಿತ್ತು?

ಕರ್ತವ್ಯದಲ್ಲಿ ಮಡಿದ ಪೊಲೀಸರ ಹೆಸರು ಕೆತ್ತಿದ ಕಲ್ಲನ್ನು ಇಂದು ಠಾಣೆಯೆದುರು ನಿಲ್ಲಿಸಿದ್ದೇವೆ. ಸಂತೋಷ. ಹೂವು ಹಾಕಿದೆವು, ಅದೂ ಸಂತೋಷ. ಕಾನ್‌ಸ್ಟೇಬಲ್ ಹನುಮಯ್ಯನ ಹೆಸರು ಅದರಲ್ಲಿ ಯಾಕಿಲ್ಲ? ಕೇಳಿದ್ದಕ್ಕೆ ಅಧ್ಯಕ್ಷರು ಹೇಳಿದರು: "ಯೂನಿಫಾರಂ ಇರ್ಲಿಲ್ವಲ್ಲ ಮೇಷ್ಟ್ರೇ. ವೇಸ ಆಕ್ಕೊಂಡಿದ್ದ. ಅದ್ನ ಡ್ಯೂಟಿ ಅಂತ ಎಂಗನ್ನೋದು?"

ಹೌದು ಸ್ವಾಮಿ, ವೇಷದಲ್ಲಿದ್ದ. ಭೀಮನ ವೇಷ. ಯಾಕೆ ಹಾಕಿದ? ಕಳೆದ ಆಯುಧಪೂಜೆಯ ಮಧ್ಯಾಹ್ನ ಕಾರ್ಖಾನೆಯ ಅಂಗಳದಲ್ಲಿ ನಮ್ಮ ನಾಟಕ. ಹನುಮಯ್ಯ ಬಂದೋಬಸ್ತಿಗೆ ಬಂದವನು. ನಮ್ಮ ಭೀಮ ವೆಂಕಟಪ್ಪ ಪೂಜೆಯ ಪ್ರಸಾದವನ್ನು ಬಾಟಲಿಯಲ್ಲಿ ಸ್ವೀಕರಿಸಿ ಲೇತ್ ಮಿಷನ್ನಿನ ಪಕ್ಕ ಮಲಗಿಬಿಟ್ಟಿದ್ದ. ಜನ ಕುರ್ಚಿ ಎತ್ತತೊಡಗಿದರು. ಆಗ ಇದೇ ಲಕ್ಷ್ಮಯ್ಯನವರು, "ಗಲಾಟೆ ಆಗ್ತದೆ ಕಣ್ರೀ ಹನುಮಯ್ಯ, ಗದೆ ಹಿಡ್ಕೊಂಡು ನಿಂತ್ಕೊಳ್ರಿ, ಇದೂ ಬಂದೋಬಸ್ತೇ" ಅಂದರು. ಅಂದಿರೋ ಇಲ್ಲವೋ? ನೆಲ ನೋಡಬೇಡಿ ಸಾರ್, ಉತ್ತರ ನೆಲದಲ್ಲಿಲ್ಲ.

ಹನುಮಯ್ಯ ವರ್ಷಗಟ್ಟಲೆ ನನ್ನ ಬೆನ್ನು ಬಿದ್ದಿದ್ದ. "ಒಂದ್ ಪಾರ್ಟು ಕೊಡಿ ಮೇಷ್ಟ್ರೇ, ಬಾಗಿಲು ಕಾಯೋನಾದ್ರೂ ಸರಿ." ನಾನು, "ನಿನ್ನ ಶ್ರುತಿ ಕಾರ್ಖಾನೆ ಸೈರನ್ನು ಕಣಯ್ಯ" ಎಂದು ಓಡಿಸುತ್ತಿದ್ದೆ. ಅವತ್ತು ಕಿರೀಟ ಕಟ್ಟಿದ ಮೇಲೆ ಕನ್ನಡಿ ಕೇಳಿದ. ಬಹಳ ಹೊತ್ತು ನೋಡಿಕೊಂಡು, "ನಮ್ಮನೆಯವಳ್ನ ಕರ್ಕೊಂಡ್ ಬರ್ಬೇಕಾಗಿತ್ತು" ಅಂದ.

ಇರಲಿ. ವಿಷಯಕ್ಕೆ ಬರುತ್ತೇನೆ.

ಪರದೆ ಏಳುವ ಮೊದಲೇ ಪಕ್ಕದ ಪೇಂಟ್ ಶೆಡ್ಡಿಗೆ ಬೆಂಕಿ ಬಿತ್ತು. ಪಾಂಡವರು ಕೌರವರೆಲ್ಲ ಒಂದಾಗಿ ಗೇಟಿನ ಕಡೆ ಓಡಿದೆವು. ಭೀಮನೊಬ್ಬ ಬೆಂಕಿಯ ಕಡೆ ಓಡಿದ. ಗದೆಯಿಂದ ಬಾಗಿಲು ಒಡೆದು ಒಬ್ಬ ಕೆಲಸಗಾರನನ್ನು ಹೊತ್ತು ತಂದ. ಒಳಗೆ ಇನ್ನೊಬ್ಬನಿದ್ದ. ನಾನು ಗೇಟಿನಿಂದ ವಾಪಸು ಓಡಿ ಬಂದು ಅವನ ಉತ್ತರೀಯ ಹಿಡಿದೆ. "ಬಿಡಿ ಮೇಷ್ಟ್ರೇ, ಡ್ಯೂಟಿ" ಅಂದು ಮತ್ತೆ ಒಳಗೆ ನುಗ್ಗಿದ. ಚಾವಣಿ ಬಿತ್ತು.

ಆ ವೇಷದಲ್ಲಿ ಜನರೆದುರು ಅವನಾಡಿದ್ದು ಅದೊಂದೇ ಮಾತು. ಆ ಮಾತು ನನ್ನ ನಾಟಕದಲ್ಲಿರಲಿಲ್ಲ, ಅಧ್ಯಕ್ಷರೇ. ಅದು ಯಾರ ಮಾತು? ಭೀಮನದೋ, ಪೊಲೀಸಿನವನದೋ?

ವೇಷ ಹಾಕಿದ ಮೇಲೆ ಮನುಷ್ಯ ತಾನಾಗಿರುವುದಿಲ್ಲ ಎಂಬುದೇ ಸಮಿತಿಯ ತೀರ್ಪಾದರೆ ಶಿರಸಾವಹಿಸುತ್ತೇನೆ. ಕೂತು ಕೇಳಿದ ನಿಮಗೂ, ತಣ್ಣಗಿನ ಟೀ ಕೊಟ್ಟ ಸಮಿತಿಗೂ ವಂದನೆ, ನಮಸ್ಕಾರ. ನಾಳೆ ಬೆಳಗ್ಗೆ ಭೀಮನ ಬಣ್ಣ ಬಳಿದುಕೊಂಡು, ಉಳಿ ಸುತ್ತಿಗೆ ಹಿಡಿದು ಆ ಕಲ್ಲಿನ ಮುಂದೆ ಕೂರುತ್ತೇನೆ. ಹನುಮಯ್ಯನ ಹೆಸರು ಕೆತ್ತುತ್ತೇನೆ. ಕೇಸು ಹಾಕುವುದಾದರೆ ಭೀಮನ ಮೇಲೆ ಹಾಕಿ. ನರಸಪ್ಪ ವೇಷದಲ್ಲಿರುತ್ತಾನೆ.