ಮೇಕೆಗೂ ಬಡಿಯದ ಗಂಟೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಊಟದ ಪರಿಮಳ ಬಂದರೂ ಎದ್ದುಹೋಗದ ಸಭಿಕರೇ,

ಈ ಕಥೆಯನ್ನು ಮೊದಲು ಹೇಳಿದವರು ನಮ್ಮ ಗುಂಡಿ ತೋಡುವ ತಂಡದ ಮೇಸ್ತ್ರಿ. ಇಪ್ಪತ್ತೆರಡು ವರ್ಷಗಳ ಹಿಂದೆ, ಅವರ ಕೆಲಸದ ಕೊನೆಯ ದಿನ, ಪಂಪ್‌ಹೌಸಿನ ಮೆಟ್ಟಿಲ ಮೇಲೆ, ಚಹಾದ ಹೊತ್ತಿನಲ್ಲಿ, ತಂಡದ ನಾಲ್ವರು ಹುಡುಗರಿಗೆ.

ನಮ್ಮ ಜಲಾಶಯದ ಸುತ್ತಲಿನ ಕಾಲುದಾರಿಗಳಲ್ಲಿ ಸೆನ್ಸರ್ ಹೂಳುವುದು ಅವರ ಕೆಲಸ. ಮೇಲೆ ಯಾರಾದರೂ ನಡೆದರೆ ನೆಲ ಅದುರಿ, ಕಂಟ್ರೋಲ್ ರೂಮಿನಲ್ಲಿ ಗಂಟೆ ಬಡಿಯಬೇಕು. ಆ ರೂಮಿನಲ್ಲಿ ಕೂರುವುದು ನನ್ನ ಕೆಲಸ. ಕೂತವನಿಗೆ ಇಷ್ಟು ದೊಡ್ಡ ಹಾರವೇ? ಇರಲಿ.

ಮೇಸ್ತ್ರಿ ಹೇಳಿದರು: "ಯಾವ್ದೋ ಊರಲ್ಲಿ ಒಬ್ಬ ಸಾಹೇಬ ಇದ್ನಂತೆ ಕಣ್ರೋ. ಮೇಕೆ ದಾಟಿದ್ರೂ ಗಂಟೆ, ನಾಯಿ ದಾಟಿದ್ರೂ ಗಂಟೆ. ತಲೆ ಚಿಟ್ಟು ಹಿಡಿದು, ಹಗುರ ಹೆಜ್ಜೆಗೆ ಹೊಡೀದ ಹಾಗೆ ಮಿಷಿನ್ನಿನ ನಾಬ್ ಇಳಿಸ್ಬಿಟ್ಟ. ಆಮೇಲೆ ಒಳ್ಳೇ ನಿದ್ದೆ! ಒಂದು ಮಧ್ಯಾಹ್ನ ಆರು ವರ್ಷದ ಮಗು ಅದೇ ದಾರೀಲಿ ನೀರಿಗೆ ಹೋಯ್ತು. ಗಂಟೆ ಹೊಡೀಲೇ ಇಲ್ಲ."

"ಅಯ್ಯೋ, ಮಗು?"

"ಬದುಕ್ತು. ಅಲ್ಲೇ ಅಗೀತಿದ್ದ ಮುದುಕ ಎಳ್ಕೊಂಡ."

"ಸಾಹೇಬ ಏನ್ಮಾಡ್ದ?"

"ಮುದುಕ ಸರಿಯಾಗಿ ಹೂತಿಲ್ಲ ಅಂತ ವರದಿ ಬರ್ದ."

ಒಬ್ಬ ನನ್ನತ್ತ ನೋಡದೆಯೇ ಕೇಳಿದ: "ಅಣ್ಣಾ, ಆ ಸಾಹೇಬನೂ ನಮ್ ಸಾಹೇಬ್ರಷ್ಟೇ ದಪ್ಪ ಇದ್ನಾ?"

"ಚಹಾ ಆರತ್ತೆ, ಕುಡಿಯೋ."

ನಾನು ಬಾಗಿಲ ಬಳಿಯೇ ನಿಂತಿದ್ದೆ. ಸಭಿಕರೇ, ಆ ಊರು ಯಾವುದು? ಇದೇ. ಸಾಹೇಬ ಯಾರು? ಹಾರದೊಳಗೆ ಬೆವರುತ್ತಿರುವ ಇವನೇ. ಮಗು? ನನ್ನ ಮಗಳು, ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ. ಅಗೆಯುವವರ ಅಸಡ್ಡೆಯಿಂದ ನೀರಿಗೆ ಬಿದ್ದೆ ಎಂದು ಈ ಕ್ಷಣದವರೆಗೂ ನಂಬಿದ್ದಳು. ನಂಬಿಸಿದವನು ನಾನು. ಅವಳನ್ನು ಎತ್ತಿಕೊಟ್ಟ ಮೇಸ್ತ್ರಿಯ ಕೈಯಿಂದ ಗುದ್ದಲಿ ಕಿತ್ತುಕೊಂಡವನೂ ನಾನು. ಆಗಿನ ದಿನಗಳಲ್ಲಿ ತಪ್ಪು ಗಂಟೆ ಒಂದೂ ಬಡಿಸದ ಅಧಿಕಾರಿ ಎಂದು ಅಧ್ಯಕ್ಷರು ಈಗಷ್ಟೇ ಹೊಗಳಿದರು. ಹೇಗೆ ಬಡಿದೀತು?

ಮೇಸ್ತ್ರಿ ಈಗಿಲ್ಲ. ಆ ವರದಿ ಸುಳ್ಳೆಂದು ಬರೆದು, ಸಹಿ ಮಾಡಿ, ಇಂದು ಬೆಳಿಗ್ಗೆ ಕಚೇರಿಗೆ ಕೊಟ್ಟಿದ್ದೇನೆ. ಮಗಳೇ, ನಿನಗೆ ಇದನ್ನು ಮನೆಯಲ್ಲಿ ಹೇಳುವ ಧೈರ್ಯ ಬರಲಿಲ್ಲ.

ಕಥೆ ಕೇಳಿದ ಆ ನಾಲ್ವರು ಮರುದಿನ ಬೆಳಿಗ್ಗೆ ತಮ್ಮ ತಮ್ಮ ಮಕ್ಕಳ ಕೈ ಹಿಡಿದು ಬಂದರು. ಚಪ್ಪಲಿ ಬಿಡಿಸಿ ಸೆನ್ಸರುಗಳ ಮೇಲೆ ಅತ್ತಿಂದಿತ್ತ ನಡೆಸಿದರು; ಒಳಗೆ ನಾನು ನಾಬ್ ಏರಿಸುತ್ತಾ ಹೋಗಿ, ಎಲ್ಲರಿಗಿಂತ ಚಿಕ್ಕವಳ ಹೆಜ್ಜೆಗೂ ಗಂಟೆ ಬಡಿಯುವವರೆಗೆ ನಡೆಸುತ್ತಲೇ ಇದ್ದರು.

ಕೇಳಿಸಿಕೊಂಡಿರಿ, ಕೃತಜ್ಞ. ನಮಸ್ಕಾರ.