ಸಪ್ನಾಳ ಪೂಜೆ ಮುಗಿಯುವ ತನಕ

ಕಾಚಿಗೂಡ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದ ವೇದವತಿ, ಪಕ್ಕದಲ್ಲಿ ಕನ್ನಡ ಕೇಳಿದ್ದೇ ತಡ, ಕಿವಿಗೊಟ್ಟಳು. ಗುರುಬಾಯಿ ಎಂಬ ಹೆಂಗಸು ತನ್ನ ಅಕ್ಕನ ಮಗಳು ಸಪ್ನಾಳನ್ನು ಗದರುತ್ತಿದ್ದಳು.

“ಭೂಕಂಪ ಆದ ಊರಿಗೆ ಮತ್ತ ಹೊಂಟೀಯಲ್ಲ, ಅದೂ ಚರ್ಚಿನವರ ಜೋಡಿ!”

“ಅಲ್ಲಿ ನರ್ಸ್ ಕಡಿಮಿ ಅದಾರ ಚಿಗವ್ವ.”

“ಹೋದ ಸಲ ಲಿಂಗಪೂಜಿ ಬಿಟ್ಟಿದ್ದಿಲ್ಲೋ? ಖರೆ ಹೇಳು.”

“ಒಂದಿನಾನೂ ಬಿಟ್ಟಿಲ್ಲ.”

“ಪೂಜಿ ಆಗಲಾರ್ದ ನೀ ನೀರೂ ಮುಟ್ಟಾಂಗಿಲ್ಲ. ಆ ಗದ್ದಲದಾಗ ಹೆಂಗ ಮಾಡ್ದಿ?”

“ಡೇರೆ ಹಿಂದ ಕುಂತು ಮಾಡ್ತಿದ್ದೆ. ಅದು ಮುಗಿಯೋತನಾ ಪಾಸ್ಟರ್ ಯಾರಿಗೂ ನಾಷ್ಟಾ ಬಡಸ್ತಿದ್ದಿಲ್ಲ.”

“ಅಂದ್ರ, ಎಲ್ಲಾರೂ ಉಪಾಸ ಕುಂದರ್ತಿದ್ರೇನು?”

“ಹೂಂ. ‘ಸಪ್ನಾ ಬರಲಿ, ಕೂಡೇ ಉಣ್ಣೋಣು’ ಅಂತಿದ್ರು.”

ರೈಲು ಬಂದು ನಿಂತಿತು. ಮುಂದಿನ ಡಬ್ಬಿಯ ಬಾಗಿಲಲ್ಲಿ ಶಿಲುಬೆ ಗುರುತಿನ ಟೋಪಿ ಹಾಕಿದವರು ಸಪ್ನಾಳನ್ನು ಕೈಬೀಸಿ ಕರೆದರು. ಗುರುಬಾಯಿ ಮಡಿಲಲ್ಲಿದ್ದ ಬಟ್ಟೆಗಂಟನ್ನು ಅವಳ ಕೈಗಿಟ್ಟಳು.

“ಶೇಂಗಾ ಹೋಳಿಗಿ. ನಿನಗೊಬ್ಬಾಕಿಗೆ ಅಂತ ತಂದಿದ್ದೆ, ಎಲ್ಲಾರಿಗೂ ಕೊಡು.”

“ಆತು, ಚಿಗವ್ವ.”

ಇಬ್ಬರೂ ಡಬ್ಬಿಯತ್ತ ನಡೆದರು. ಗುರುಬಾಯಿ ಮತ್ತೆ ಗದರಿದ್ದು ವೇದವತಿಗೆ ಕೇಳಿಸಿತು.

“ಅವರ ಪ್ರಾರ್ಥನಿ ಮುಗಿಯೋತನಾ ನೀನೂ ಬಾಯಿಗೆ ಏನೂ ಹಾಕಬ್ಯಾಡ!”